ಟುಸ್ ಎನ್ನದ ಕೋಲು

ಎಲ್ಲಕ್ಕೂ ಕಾರಣ ಕಿರುಬೆರಳಿನ ಉಗುರಿನಷ್ಟಗಲದ ಒಂದು ಚರ್ಮದ ಚೂರು. ಮೇಜಿನ ಮೇಲಿನ ಚೆಂಡುಗಳನ್ನು ಅಂಚಿನ ಕುಳಿಗಳಿಗೆ ಬೀಳಿಸುವ ಪೂಲ್ ಆಟದ ಕೋಲಿನ ತುದಿಗೆ ಅಂಟಿಸುವ ಈ ಚೂರಿಗೆ ಆಡುವವರು ಟಿಪ್ ಎನ್ನುತ್ತಾರೆ. ಅದು ದುಂಡಗೆ, ತುಸು ಒರಟಾಗಿದ್ದರೆ ಚಾಕ್ ಪುಡಿ ಹಿಡಿದುಕೊಂಡು ಚೆಂಡಿಗೆ ತಗಲಿದಾಗ 'ಟಕ್' ಎನ್ನುತ್ತದೆ. ಚಪ್ಪಟೆಯಾಗಿ ನುಣುಪಾಗಿದ್ದರೆ ಜಾರಿ 'ಟುಸ್' ಎನ್ನುತ್ತದೆ. ನಮ್ಮ ಬೈಂಡರನ ಕೋಲು ಟುಸ್ ಎನ್ನುತ್ತಿತ್ತು. ಬೀದಿಯವರು ಅವನನ್ನು ಕರೆಯುತ್ತಿದ್ದುದೇ ಟುಸ್ ಪಟಾಕಿ ಎಂದು.

ಪುಸ್ತಕಗಳಿಗೆ ರಟ್ಟು ಹಾಕುವುದು ಅವನ ಕಸುಬು. ಅಂಗಡಿಯ ಪಕ್ಕದಲ್ಲೇ ಪೂಲ್ ಕೋಣೆ. ಅದರ ಮೇಲಿನ ಮನೆಯಲ್ಲಿ ಅವನ ಅಣ್ಣ. ಆಟ ಕಲಿಸಿದವನೂ ಅಣ್ಣನೇ. ಒಂಬತ್ತು ವರ್ಷದ ಹಿಂದೆ ಇಬ್ಬರೂ ಜೋಡಿಯಾಗಿ ಆಡಿದ ಪಂದ್ಯದಲ್ಲಿ ಕೊನೆಯ ಕಪ್ಪು ಚೆಂಡು ಕುಳಿಯ ಬಾಯಲ್ಲೇ ಕೂತಿತ್ತು. ಉಫ್ ಎಂದು ಊದಿದರೂ ಬೀಳುವಂತಿತ್ತು. ತಮ್ಮ ಹೊಡೆದ. ಟುಸ್! ಕೋಲು ತಗಲಬೇಕಾದ ಬಿಳಿ ಚೆಂಡು ಮೇಜು ಬಿಟ್ಟು ಹಾರಿ, ಕೋಣೆ ನೋಡಿಕೊಳ್ಳುವ ಮಾರ್ಕರನ ಮಡಿಲಿಗೆ ಬಿತ್ತು.

"ಟಿಪ್ ನೋಡ್ಕೋ, ಟಿಪ್ ನೋಡ್ಕೋ ಅಂತ ಬೆಳಿಗ್ಗೆಯಿಂದ ಬಡ್ಕೊಂಡೆ," ಎಂದ ಅಣ್ಣ, ಎಲ್ಲರೆದುರಿಗೆ. "ಒಂದು ಆಟ, ಒಂದೇ ಒಂದು ಆಟ ಟುಸ್ ಅನ್ನಿಸ್ದೆ ಆಡು. ಅಲ್ಲೀವರೆಗೂ ನನ್ನನ್ನ ಮಾತಾಡಿಸ್ಬೇಡ."

ಕೋಪದಲ್ಲಿ ಆಡಿದ ಮಾತು. ಆದರೆ ಅಣ್ಣ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ತಮ್ಮ ಮರೆಯಲಿಲ್ಲ. ನಡುವೆ ಅಣ್ಣನ ಕಣ್ಣು ಹೋಯಿತು. ಆಗಲೂ ತಮ್ಮ ಮೆಟ್ಟಿಲು ಹತ್ತಿ ಬಾಗಿಲ ತನಕ ಹೋಗಿ, ತಟ್ಟಲು ಎತ್ತಿದ ಕೈಯನ್ನು ಜೇಬಿಗೆ ಹಾಕಿಕೊಂಡು ಇಳಿದು ಬಂದಿದ್ದ. ದಿನವೂ ಕೆಳಗೆ ತಮ್ಮ ಆಡುವುದು, ಮೇಲೆ ಅಣ್ಣ ಕಿಟಕಿ ತೆರೆದು ಕುರ್ಚಿಯಲ್ಲಿ ಕೂತು ಕೇಳುವುದು. ಪ್ರತಿ ಆಟದಲ್ಲೂ ಎಲ್ಲಾದರೊಂದು ಕಡೆ ಟುಸ್. ಆಗ ಮೇಲೆ ಕುರ್ಚಿ ಸರಿದ ಸದ್ದು, ಕಿಟಕಿ ಮುಚ್ಚಿದ ಸದ್ದು. ಅಣ್ಣತಮ್ಮಂದಿರ ಒಂಬತ್ತು ವರ್ಷದ ಮಾತುಕತೆ ಇಷ್ಟೇ.

ಅಂದು ಬೆಳಿಗ್ಗೆ ಅತ್ತಿಗೆ ಅಂಗಡಿಗೆ ಬಂದರು.

"ನಾಲ್ಕು ಗಂಟೆಗೆ ವ್ಯಾನ್ ಬರುತ್ತೆ ಕಣಪ್ಪಾ. ಮಗಳ ಮನೆಗೆ ಹೊರಟ್ವಿ. ಇನ್ನು ಈ ಕಡೆ ಬರೋದು ಅಷ್ಟರಲ್ಲೇ ಇದೆ. ಮೇಲೆ ಬಂದು ಒಂದು ಮಾತಾಡಿಸ್ಬಾರ್ದಾ?"

"ಅಣ್ಣ ಹಾಕಿದ ಷರತ್ತು ಮರೆತ್ರಾ ಅತ್ತಿಗೆ? ಆಡಿ ತೋರಿಸ್ದೆ ಯಾವ ಮುಖ ಇಟ್ಕೊಂಡು ಬರ್ಲಿ?"

ಅತ್ತಿಗೆ ಹಣೆ ಚಚ್ಚಿಕೊಂಡು ಹೋದರು. ಬೈಂಡರ್ ಅಂಗಡಿಯ ಕದ ಎಳೆದುಕೊಂಡು, ಕೋಲು ಹಿಡಿದು ಪೂಲ್ ಕೋಣೆಗೆ ಓಡಿದ. ಅವನ ಕೈಯಲ್ಲಿದ್ದದ್ದು ಇನ್ನು ಏಳೇ ತಾಸು.

ಮಾರ್ಕರ್ ಟಿಪ್ಪನ್ನು ಬೆಳಕಿಗೆ ಹಿಡಿದು ನೋಡಿದ. "ಇದೇನಯ್ಯಾ, ಬೋಳುತಲೆ ಥರ ಹೊಳೀತಿದೆ! ಇದರ ಮೇಲೆ ಚಾಕ್ ಎಲ್ಲಿ ನಿಲ್ಲುತ್ತೆ? ಕಿತ್ತೆಸೆದು ಗಟ್ಟಿ ಚರ್ಮ ಹಾಕು."

ಬೀದಿಯ ಆಚೆ ಬದಿ ಕೂತಿದ್ದ ಚಪ್ಪಲಿ ರಿಪೇರಿಯವನಿಗೆ ಇದು ಕೇಳಿಸಿತು. ಕೆಲಸ ಬಿಟ್ಟು ಬಂದು, ಬೂಟಿನ ಅಟ್ಟೆಯಿಂದ ಒಂದು ಚೂರು ಕತ್ತರಿಸಿ ಅಂಟಿಸಿದ. ಅದು ಕಲ್ಲಿನಷ್ಟು ಗಟ್ಟಿ. ಮೊದಲನೆಯ ಹೊಡೆತಕ್ಕೇ ಟುಸ್. "ಹಾಗಾದ್ರೆ ಮೆತ್ತಗಿರೋದು ಬೇಕು," ಎಂದು ಯಾವುದೋ ಹೆಂಗಸರ ಚಪ್ಪಲಿಯ ಒಳಪದರ ತೆಗೆದು ಅಂಟಿಸಿದ. ಅದು ನಾಲ್ಕು ಹೊಡೆತಕ್ಕೆ ಅಣಬೆಯ ಹಾಗೆ ಸುತ್ತಲೂ ಅರಳಿಕೊಂಡಿತು.

"ಕೊಡ್ರಿ ಇಲ್ಲಿ," ಎಂದ ಕ್ಷೌರದವನು, ತನ್ನ ಗಿರಾಕಿಯ ಮುಖಕ್ಕೆ ಸೋಪು ಹಚ್ಚಿಟ್ಟು ಬಂದು. "ಸುತ್ತ ಬೆಳೆದದ್ದನ್ನ ಕೆರೆದು ದುಂಡಗೆ ಮಾಡೋದು ನನ್ನ ಕೆಲಸ." ಕತ್ತಿಯಲ್ಲಿ ಎಡಕ್ಕೆ ಕೆರೆದ. ಬಲ ಹೆಚ್ಚಾಯಿತೆಂದು ಬಲಕ್ಕೆ ಕೆರೆದ. ಮತ್ತೆ ಎಡ ಹೆಚ್ಚಾಯಿತು. ಕೊನೆಗೆ ಕೋಲನ್ನು ದೂರ ಹಿಡಿದು, "ಈಗ ನೋಡಿ, ಎಷ್ಟು ಲಕ್ಷಣವಾಗಿದೆ!" ಎಂದ.

"ಟಿಪ್ ಎಲ್ಲಿ?" ಎಂದ ಬೈಂಡರ್.

"ಇಲ್ಲೇ ಇತ್ತಲ್ಲ," ಎಂದ ಕ್ಷೌರದವನು, ನೆಲ ನೋಡುತ್ತ.

ಹನ್ನೊಂದು ಗಂಟೆಯಾಗಿತ್ತು. ಬೈಂಡರ್ ಬೋಳು ಕೋಲು ಹಿಡಿದು ಅಂಗಡಿಗೆ ಬಂದು ಕುಸಿದು ಕೂತ. ಅಣ್ಣ ಹೊರಟುಹೋಗುತ್ತಾನೆ, ತಾನು ಹೀಗೆಯೇ ಉಳಿಯುತ್ತೇನೆ ಎನ್ನಿಸಿ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಬಟ್ಟೆಗೆ ಕೈ ಚಾಚಿದರೆ ಸಿಕ್ಕಿದ್ದು ಪುಸ್ತಕದ ಬೆನ್ನಿಗೆ ಹಾಕಿ ಮಿಕ್ಕಿದ ತೆಳು ಚರ್ಮದ ಚೂರು. ಅದನ್ನು ಬೆರಳಲ್ಲಿ ಮಡಿಸಿ ನೋಡಿದ. ಮೂವತ್ತು ವರ್ಷ ಚರ್ಮ, ಅಂಟು, ಒತ್ತುವ ಯಂತ್ರಗಳ ಜೊತೆ ಬಾಳಿದವನು ತಾನು. ಒಂದು ಟಿಪ್ಪಿಗಾಗಿ ಕಂಡವರ ಕೈಗೆಲ್ಲ ಕೋಲು ಕೊಟ್ಟೆನಲ್ಲ ಎಂದು ನಾಚಿಕೆಯಾಯಿತು.

ಎಂಟು ಬಿಲ್ಲೆ ಕತ್ತರಿಸಿದ. ಒಂದರ ಮೇಲೊಂದು ಅಂಟಿಸಿ, ಪುಸ್ತಕ ಒತ್ತುವ ಯಂತ್ರದ ನಡುವೆ ಇಟ್ಟು ತಿರುಪು ಬಿಗಿದ. ಒಣಗಿದೆಯೋ ನೋಡೋಣ ಎಂದು ಚಪ್ಪಲಿಯವನು ಕೈಹಾಕಲು ಬಂದಾಗ, ಜನ್ಮದಲ್ಲಿ ಯಾರನ್ನೂ ಗದರದವನು "ಮುಟ್ಟಿದ್ರೆ ನಿನ್ನನ್ನೂ ಸೇರಿಸಿ ಬೈಂಡ್ ಮಾಡ್ತೀನಿ!" ಎಂದು ಗದರಿದ. ಎರಡು ಗಂಟೆಗೆ ತೆಗೆದು ಕೋಲಿಗೆ ಅಂಟಿಸಿದ. ಅಂಚು ಸವರಿ, ಉಪ್ಪುಕಾಗದದಿಂದ ದುಂಡಗೆ ಉಜ್ಜಿ, ಅರದಿಂದ ಮೆಲ್ಲಗೆ ತಟ್ಟಿ ಒರಟು ಮಾಡಿದ.

ಮೂರು ಗಂಟೆಗೆ ಆಟ ಶುರುವಾಯಿತು. ಮೇಲೆ ಕಿಟಕಿ ತೆರೆದ ಸದ್ದು ಕೇಳಿಸಿತು. ಎದುರಾಳಿ ಮಾರ್ಕರ್. ಬೈಂಡರ್ ಪ್ರತಿ ಹೊಡೆತಕ್ಕೂ ಮುಂಚೆ ಟಿಪ್ಪಿಗೆ ಚಾಕ್ ಸವರಿ, ಉಸಿರು ಬಿಗಿಹಿಡಿದು ಹೊಡೆಯುತ್ತಿದ್ದ. ಟಕ್. ಟಕ್. ಟಕ್. ಕೋಣೆಯಲ್ಲಿ ಕೆಮ್ಮು ಬಂದವನೂ ಹೊರಗೆ ಹೋಗಿ ಕೆಮ್ಮಿ ಬಂದ. ಕೊನೆಗೆ ಕಪ್ಪು ಚೆಂಡು. ಟಕ್! ಅದು ಕುಳಿಯೊಳಗೆ ಉರುಳಿತು.

ಒಂದೇ ಒಂದು ಟುಸ್ ಇಲ್ಲ! ಕ್ಷೌರದವನು ಬೈಂಡರನನ್ನು ಎತ್ತಿ ಕುಣಿದಾಡಿದ. ಬೈಂಡರನ ಕಿವಿ ಮಾತ್ರ ಮೇಲಕ್ಕೇ ಇತ್ತು. ಮೇಲಿಂದ ಕರೆ ಬರಲಿಲ್ಲ. ಬಂದವರು ಅತ್ತಿಗೆ.

"ಇವತ್ತಾದ್ರೂ ಆಡ್ಬಾರ್ದಿತ್ತೇನಪ್ಪಾ?" ಎಂದರು ಬಾಗಿಲಲ್ಲೇ ನಿಂತು.

"ಆಡಿದ್ದು ನಾನೇ ಅತ್ತಿಗೆ!"

ಅತ್ತಿಗೆ ಅವನನ್ನೂ ಕೋಲನ್ನೂ ನೋಡಿ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. "ಅಯ್ಯೋ ದೇವರೇ! 'ಸಾಕಾಯ್ತು ಈ ಹಠ. ಇವತ್ತು ಅವನ ಮೊದಲ್ನೇ ಟುಸ್ ಕೇಳಿದ ತಕ್ಷಣ ಹೋಗಿ ಕರ್ಕೊಂಡ್ಬಾ' ಅಂತ ನಿಮ್ಮಣ್ಣ ಆಟ ಶುರುವಾದಾಗಿಂದ ಕಿಟಕಿಗೆ ಕಿವಿ ಕೊಟ್ಟು ಕೂತಿದ್ರು. ಈಗ, 'ಯಾರೋ ಒಳ್ಳೆ ಆಟಗಾರ ಬಂದಿದ್ದಾನೆ. ನಾನು ಹೋಗೋ ದಿನಾನೂ ಇವನು ಬರ್ಲಿಲ್ಲ' ಅಂತ ಅಳ್ತಿದ್ದಾರೆ. ನಾನು ಹೇಳಿದ್ರೆ ನಂಬ್ತಾರಾ? ಬೇಗ ಒಂದು ಟುಸ್ ಅನ್ಸು!"

ಬೈಂಡರ್ ಗಡಿಬಿಡಿಯಲ್ಲಿ ಚಾಕ್ ಒರೆಸಿ ಚೆಂಡಿನ ಅಂಚಿಗೆ ಬೇಕೆಂದೇ ಹೊಡೆದ. ಟುಸ್.

ಮೇಲಿಂದ ಊರುಗೋಲು ನೆಲಕ್ಕೆ ಬಡಿದ ಸದ್ದು ಬಂತು. ಒಂಬತ್ತು ವರ್ಷದ ಮೇಲೆ ಅಣ್ಣನ ದನಿ ಕೇಳಿಸಿತು. "ಯಾರೋ ಅದು ನನ್ನ ತಮ್ಮನ್ನ ಅಣಕಿಸೋದು? ಅವನಿಲ್ಲದ ಹೊತ್ತು ನೋಡ್ಕೊಂಡು ನಗ್ತೀರಾ? ಕೆಳಗೆ ಬಂದ್ರೆ ಕಾಲು ಮುರೀತೀನಿ!"

ನಗಲು ಬಾಯಿ ತೆರೆದಿದ್ದ ಮಾರ್ಕರ್ ಬೈಂಡರನ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಅಷ್ಟರಲ್ಲಿ ವ್ಯಾನ್ ಬಂತು, ಅತ್ತಿಗೆ ಮೇಲಕ್ಕೆ ಓಡಿದರು. ಬೈಂಡರ್ ಧೈರ್ಯ ಮಾಡಿ ಓಡಿಹೋಗುವಾಗ ಅಣ್ಣ ಇಳಿದು ಬಂದು ಒಳಗೆ ಕೂತಾಗಿತ್ತು. ಕಿಟಕಿಯೊಳಗೆ ಕೈ ಹಾಕಿ ಅಣ್ಣನ ಕೈ ಹಿಡಿದ. "ಅಣ್ಣಾ, ನಾನೇ ಆಡಿದ್ದು."

ಅಣ್ಣನ ಮುಖ ಒಂದು ಗಳಿಗೆ ಅರಳಿತು. ತಮ್ಮನ ಬೆರಳುಗಳನ್ನು ಒಂದೊಂದಾಗಿ ಸವರಿ ನೋಡಿದ. ಅರಳಿದ ಮುಖ ಬಾಡಿತು.

"ಬೆರಳಿಗೆಲ್ಲ ಚಾಕ್ ಇದೆ. ಯಾವನಿಗೋ ಚಾಕ್ ಹಚ್ಚಿಕೊಟ್ಟು ಆಡಿಸಿದ್ಯಾ?"

"ಇಲ್ಲ ಅಣ್ಣ, ನಿಜವಾಗ್ಲೂ ನಾನೇ."

"ನನ್ನ ಕಿವಿಗೆ ಹೂ ಇಡ್ಬೇಡ ಕಣೋ. ಕಣ್ಣು ಹೋಗಿದೆ, ಕಿವಿ ನೆಟ್ಟಗಿದೆ. ನೀನು ನೂರು ಸಲ ಟುಸ್ ಅನ್ಸಿದ್ರೂ ಮಾತಾಡಿಸೋಣ ಅಂತಿದ್ದೆ. ಹೋಗೋ ಹೊತ್ತಲ್ಲಿ ಸುಳ್ಳು ಹೇಳ್ತೀಯಲ್ಲ."

ಕೈ ಬಿಡಿಸಿಕೊಂಡು ಗಾಜು ಏರಿಸಿದ. ವ್ಯಾನ್ ಹೊರಟಿತು. ಬೈಂಡರ್ ಅದರ ಪಕ್ಕದಲ್ಲೇ ಓಡುತ್ತ, ಗಾಜು ಬಡಿಯುತ್ತ, "ನಾನಲ್ಲ ಅಣ್ಣಾ! ನೀನು ಹೇಳಿದ್ದೇ ಸರಿ, ಆಡಿದ್ದು ನಾನಲ್ಲ!" ಎಂದು ಕೂಗಿದ. ಇಂಜಿನ್ನಿನ ಗದ್ದಲದಲ್ಲಿ ಅದು ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

ಅವನು ಪೂಲ್ ಕೋಣೆಗೆ ಹಿಂದಿರುಗಿದ. ಏನು ಮಾಡಬೇಕೆಂದು ತಿಳಿಯದೆ ಮಾರ್ಕರ್ ಚೆಂಡುಗಳನ್ನು ಮತ್ತೆ ಜೋಡಿಸಿಟ್ಟ. ಬೈಂಡರ್ ಕೋಲೆತ್ತಿಕೊಂಡ. ಚಾಕ್ ಹಚ್ಚುವುದು ನೆನಪಾಗಲಿಲ್ಲ. ಹೊಡೆದ.

ಟುಸ್.

ಅದು ಅವನದೇ ಅಪ್ಪಟ ಟುಸ್. ಕೋಲನ್ನು ಹಾಗೆಯೇ ಹಿಡಿದು, ಮೇಲೆ ಕುರ್ಚಿ ಸರಿಯುವ ಸದ್ದಿಗಾಗಿ ಅವನು ತುಂಬ ಹೊತ್ತು ಕಾದ.