ಹುಳುಗಳ ವರ್ಗಾವಣೆ

ಯಾವುದನ್ನೂ ಇದ್ದ ಜಾಗದಲ್ಲಿ ಇರಗೊಡದ ಕಾಯಿಲೆ ನನ್ನದು. ಇಪ್ಪತ್ತೆರಡು ವರ್ಷ ವರ್ಗಾವಣೆ ವಿಭಾಗದಲ್ಲಿ ಗುಮಾಸ್ತನಾಗಿದ್ದರೆ ಇನ್ನೇನಾಗುತ್ತದೆ? (ಮನೆಯಲ್ಲಿ ನನ್ನ ಆದೇಶಕ್ಕೆ ಉಪ್ಪಿನ ಡಬ್ಬಿಯೂ ಕದಲುವುದಿಲ್ಲ, ಆ ಮಾತು ಬೇರೆ.)

ಮೂರು ತಿಂಗಳ ಹಿಂದೆ ನಾದಿನಿ ತೀರಿಕೊಂಡಳು. ಹೆಂಡತಿಗೆ ಒಬ್ಬಳೇ ತಂಗಿ. ಅವಳ ಬಾಲ್ಕನಿಯಿಂದ ನಮ್ಮಲ್ಲಿಗೆ ಬಂದದ್ದು ನಿಂಬೆ, ಕಣಗಿಲೆಯ ಎರಡು ಕುಂಡ, ಒಂದು ನೋಟುಪುಸ್ತಕ. ಅದರಲ್ಲಿ ನಡುವೆ ಗೆರೆ ಎಳೆದು, ಈ ಕಡೆ ನಿಂಬೆಗಿಡದ ಚಿಟ್ಟೆ, ಆ ಕಡೆ ಕಣಗಿಲೆಯ ಚಿಟ್ಟೆ ಎಂದು ಬಣ್ಣ, ವಾಸ, ಆಹಾರ ಎಲ್ಲವನ್ನೂ ಹೋಲಿಸಿದ್ದಾಳಂತೆ. ನಿಂಬೆಯ ಕಡೆ 'ಗೂಡಿನಿಂದ ಹೊರಬಂದ ದಿನ' ಮಾತ್ರ ಖಾಲಿ. ಅದನ್ನು ತುಂಬಿಸಲೇಬೇಕೆಂದು ಹೆಂಡತಿಯ ಹಟ. ಅವಳು ಒಂದು ಹನಿ ಕಣ್ಣೀರೂ ಹಾಕಿರಲಿಲ್ಲ, ಸುಮ್ಮನೆ ಕುಂಡದ ಮುಂದೆ ಕೂರುತ್ತಿದ್ದಳು. ನಾನಂತೂ ಪುಸ್ತಕ ತೆರೆಯಲೇ ಇಲ್ಲ.

ಕೊನೆಗೂ ನಿಂಬೆಯಲ್ಲಿ ಏಳು ಹಸಿರು ಹುಳುಗಳು ಕಾಣಿಸಿಕೊಂಡವು. "ಮುಟ್ಟಬೇಡಿ" ಎಂದು ಹೇಳಿ ಹೆಂಡತಿ ತಂಗಿಯ ಮನೆ ಖಾಲಿ ಮಾಡಲು ನಾಲ್ಕು ದಿನ ಹೋದಳು. ಮರುದಿನ ನೋಡಿದರೆ ನಿಂಬೆ ಬೋಳು. ಪಕ್ಕದ ಕಣಗಿಲೆ ಸೊಂಪಾಗಿದೆ, ಒಂದು ಹುಳುವೂ ಇಲ್ಲ. ನನ್ನ ಆಡಳಿತಾನುಭವ ಜಾಗೃತವಾಯಿತು. ಏಳನ್ನೂ ಚಮಚದಲ್ಲಿ ಎತ್ತಿ, ಸೇವಾ ಹಿರಿತನದ ಪ್ರಕಾರ, ಕಣಗಿಲೆಗೆ ವರ್ಗಾಯಿಸಿದೆ. ಆಮೇಲೆ ತಿರುಗಿ ನೋಡಲಿಲ್ಲ. (ಆದೇಶ ಹೊರಟ ಮೇಲೆ ನೋಡುವ ಪದ್ಧತಿ ನಮ್ಮ ವಿಭಾಗದಲ್ಲಿಲ್ಲ.)

ಹೆಂಡತಿ ವಾಪಸು ಬಂದಾಗ ಏಳೂ ಮಣ್ಣಿನಲ್ಲಿ ಸುರುಟಿ ಬಿದ್ದಿದ್ದವು.

"ರೀ, ಯಾರ್ರೀ ಇವನ್ನ ಇಲ್ಲಿಟ್ಟಿದ್ದು?"

"ಪಾಪ, ಹಸಿದಿದ್ವು ಕಣೇ. ಇಲ್ಲಿ ಅಷ್ಟೊಂದು ಎಲೆ ಇತ್ತಲ್ಲ..."

"ಅವಕ್ಕೆ ಇದು ವಿಷ! ಪುಸ್ತಕದಲ್ಲಿ ಬರೆದಿದ್ಳಲ್ರೀ, ಒಂದ್ಸಲ ತೆಗೆದು ನೋಡೋಕೆ ಏನಾಗಿತ್ತು ನಿಮಗೆ?"

"ಅವಳ ಅಕ್ಷರ ನೋಡೋಕೆ ಆಗ್ಲಿಲ್ಲ ಕಣೇ."

ಅವಳು ಪುಸ್ತಕ ತೆರೆದು ನನ್ನ ಮೂಗಿನ ಮುಂದೆ ಹಿಡಿದಳು. ಅದೇ ಗುಂಡು ಅಕ್ಷರ. 'ನಿಂಬೆಯ ಚಿಟ್ಟೆ. ಶತ್ರುಗಳು: ಹಕ್ಕಿ, ಕಣಜ, ಇರುವೆ, ಭಾವ.' ಕೆಳಗೆ ಸಣ್ಣದಾಗಿ: 'ಬೋಳು ಗಿಡ ಕಂಡರೆ ಭಾವ ಸುಮ್ಮನಿರಲ್ಲ. ಹುಷಾರು ಅಕ್ಕ.'

ಹೆಂಡತಿ ಪಕ್ಕನೆ ನಕ್ಕಳು. ನಗುತ್ತ ನಗುತ್ತಲೇ ಅಳು ಶುರುವಾಯಿತು, ಮೂರು ತಿಂಗಳ ಅಳು. ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ನಾನೂ ಅತ್ತೆ.

ಆಗಲೇ ಬೋಳು ನಿಂಬೆಯ ಟೊಂಗೆಯಲ್ಲಿ ಉಳಿದಿದ್ದ ಚೂರು ಚಿಗುರಿನ ಮೇಲೊಂದು ಹಕ್ಕಿ ಹಿಕ್ಕೆ ಮಿಸುಕಿತು. ಅದು ಹಿಕ್ಕೆಯ ವೇಷದ ಮರಿಹುಳು! ಹಿಕ್ಕೆಯೆಂದುಕೊಂಡು ನಾನು ವರ್ಗಾವಣೆ ಮಾಡದೆ ಬಿಟ್ಟಿದ್ದರಿಂದ ಬದುಕಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ಮನೆಮನೆಗೆ ಹೋಗಿ ನಿಂಬೆಯೆಲೆ ಬೇಡಿ ತಂದೆ.

ಇವತ್ತು ಅದು ಗೂಡಿನಿಂದ ಹೊರಬಂದು ರೆಕ್ಕೆ ಬಿಚ್ಚಿ ಹಾರಿತು. ಹೆಂಡತಿ ಪೆನ್ನು ಕೊಟ್ಟು, "ನೀವೇ ಬರೀರಿ" ಎಂದಳು. ಖಾಲಿ ಜಾಗದಲ್ಲಿ ದಿನಾಂಕ ಬರೆದೆ. ಅಭ್ಯಾಸಬಲದಿಂದ ಕೆಳಗೆ ಸಹಿಯನ್ನೂ ಹಾಕಿದೆ. ಹುದ್ದೆ ನಮೂದಿಸದ ಸಹಿ ಊರ್ಜಿತವಲ್ಲ. ಕಣ್ಣೊರೆಸಿಕೊಂಡು ಬರೆದೆ: 'ಶತ್ರು.'