ಹಿರಿಯರು ಏಳುವ ತನಕ

ಕಾಲಿನ ಬಲದ ಬಗ್ಗೆ ನಾನು ಮಾಡಿರುವಷ್ಟು ಭಾಷಣವನ್ನು ಹುಣಸೂರಿನಲ್ಲಿ ಬೇರೆ ಯಾರೂ ಮಾಡಿರಲಾರರು. ಅರವತ್ತೆಂಟರ ನನಗೆ ಡಾಕ್ಟರು ಹೇಳಿದ್ದು ಇಷ್ಟೇ: ಕೈ ಊರದೆ ಕುರ್ಚಿಯಿಂದ ದಿನಕ್ಕೆ ಹತ್ತು ಸಲ ಎದ್ದು ಕೂರಿ, ತೊಡೆ ಗಟ್ಟಿಯಾಗುತ್ತದೆ. ಇಷ್ಟು ಅಗ್ಗದ ಔಷಧಿಯ ಮೇಲೆ ಯಾರಿಗೆ ತಾನೇ ನಂಬಿಕೆ ಬರುತ್ತದೆ? ನಾನು ಮೊದಲು ಬೂಟು ಕೊಂಡೆ. ಆಮೇಲೆ ಮಂಡಿಗೆ ಪಟ್ಟಿ, ತಿಕ್ಕಲು ಎಣ್ಣೆ, ಹಾಲಿಗೆ ಬೆರೆಸುವ ಪುಡಿ. ಬೆಳಗ್ಗೆ ಮೈದಾನಕ್ಕೆ ಹೋಗಿ ಅರ್ಧ ಸುತ್ತು ನಡೆದು, ನನ್ನಂತೆಯೇ ರಿಟೈರ್ ಆದ ಮೂವರ ಜೊತೆ ಕಲ್ಲುಬೆಂಚಿನ ಮೇಲೆ ಕೂತು, ಈಗಿನ ಹುಡುಗರ ಕಾಲಲ್ಲಿ ಶಕ್ತಿಯೇ ಇಲ್ಲವಲ್ಲ ಎಂದು ಒಂದು ಗಂಟೆ ಮರುಗುತ್ತಿದ್ದೆ. ಎದ್ದು ಕೂರುವ ಕೆಲಸವನ್ನು ಮಾತ್ರ ಸೋಮವಾರದಿಂದ ಶುರು ಮಾಡೋಣವೆಂದು ಇಟ್ಟಿದ್ದೆ. ಯಾವ ಸೋಮವಾರ ಎಂದು ಹೆಂಡತಿ ಒಂದು ಸಲ ಕೇಳಿದಳು. ಉತ್ತರ ಕೊಡುವುದು ನನ್ನ ಘನತೆಗೆ ತಕ್ಕದ್ದಲ್ಲವೆಂದು ಬೂಟಿನ ದಾರ ಬಿಗಿದುಕೊಂಡೆ.

ಹೀಗಿರುವಾಗ ಹೊಸ ಅಗ್ರಹಾರದ ಹತ್ತಿರ ಬಾಮೈದನ ಮಗಳ ಬೀಗರೂಟ ಬಂತು. ಚಪ್ಪರದ ಒಂದು ಬದಿ ಟೇಬಲ್ಲು, ಇನ್ನೊಂದು ಬದಿ ಚಾಪೆ. "ಭಾವ, ನೀವು ಟೇಬಲ್ ತಾವ ಬನ್ನಿ. ಕೆಳಗ್ ಕುಂತ್ರೆ ಏಳಕ್ ಕಷ್ಟ ಆಯ್ತದೆ" ಎಂದ ಬಾಮೈದ, ಅದೂ ಹೊಸ ಬೀಗರ ಎದುರಿಗೇ! ನನಗೆ ಮೈಯೆಲ್ಲ ಉರಿಯಿತು. "ನನ್ ಕಾಲ್ಗೇನಯ್ಯ ಬಂದದೆ? ದಿನಾ ವಾಕಿಂಗ್ ಮಾಡೋನು ಕಣಯ್ಯ ನಾನು" ಎಂದು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟೆ. ಕೂರುವುದಕ್ಕೆ ಬಲ ಬೇಡ, ಭೂಮಿಯೇ ಎಳೆದುಕೊಳ್ಳುತ್ತದೆ.

ಮುದ್ದೆ, ಬಾಡಿನ ಸಾರು, ಅನ್ನ ಎಲ್ಲ ಮುಗಿಯಿತು. ನಮ್ಮ ಕಡೆ ಪಂಕ್ತಿಯಲ್ಲಿ ಹಿರಿಯರು ಏಳುವ ತನಕ ಯಾರೂ ಎಲೆ ಬಿಟ್ಟು ಏಳುವುದಿಲ್ಲ. ಆ ಸಾಲಿಗೆಲ್ಲ ಹಿರಿಯ ನಾನೇ. ಎಡಗೈ ಊರಿ ಏಳಲು ನೋಡಿದೆ. ಮೇಲೆದ್ದದ್ದು ಹುಬ್ಬು ಮಾತ್ರ. ಇಪ್ಪತ್ತು ಜನ ಎಂಜಲು ಕೈ ಒಣಗಿಸಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ಬೆನ್ನ ಹಿಂದೆ ಮುಂದಿನ ಪಂಕ್ತಿಯವರು ಹಸಿದು ನಿಂತಿದ್ದರು. ಬೀಗರ ಮುಂದೆ ಮಾನ ಹರಾಜಾಗುವ ಹೊತ್ತು. ಭಯವಾಯಿತು. ಬಡಿಸುವವನನ್ನು ಕೂಗಿ, "ಇನ್ನೊಂದು ಮುದ್ದೆ ಹಾಕಪ್ಪ" ಎಂದೆ. ಅದು ಮುಗಿದ ಮೇಲೆ ಇನ್ನರ್ಧ. ಏಳಲಾರದವನು ಭಾರ ಇಳಿಸಿಕೊಳ್ಳಬೇಕು, ನಾನು ಏರಿಸಿಕೊಳ್ಳುತ್ತಿದ್ದೆ.

ಕೊನೆಗೆ ಗಂಡಿನ ತಂದೆಯೇ ನಕ್ಕು, "ಬೀಗ್ರು ಜೋರಾಗ್ ಉಂಡವ್ರೆ ಕಣ್ರಪ್ಪ, ಒಸಿ ಕೈ ಕೊಡಿ" ಎಂದರು. ಇಬ್ಬರು ರಟ್ಟೆ ಹಿಡಿದು ಎತ್ತಿದರು. ನಾನು ಹೊಟ್ಟೆ ಸವರಿಕೊಂಡು ಜೋರಾಗಿ ತೇಗಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ, "ಮನೇಲಿ ಅರ್ಧ ಮುದ್ದೆಗೇ ಸಾಕು ಅಂತೀರಿ. ಅಲ್ಲಿ ಎಲ್ರೂ ಒಟ್ಟೆಬಾಕ ಅಂದ್ರು ಕಣ್ರೀ ನಿಮ್ಮನ್ನ" ಎಂದಳು. ಹೊಟ್ಟೆಬಾಕ ಎಂದರಂತೆ, ಮುದುಕ ಎನ್ನಲಿಲ್ಲವಂತೆ! ಗೆದ್ದೆನೆಂದುಕೊಂಡೆ. ಅದೇ ಹುರುಪಿನಲ್ಲಿ, ಹುಣಸೂರು ಬಂದಾಗ ಸೀಟಿನಿಂದ ಏಳಲು ಹೋದೆ, ಆಗಲಿಲ್ಲ. ಅವಳು ಕೈ ಚಾಚಿದಳು. ಅತ್ತಿತ್ತ ನೋಡಿದೆ. ಬೀಗರ ಕಡೆಯವರು ಯಾರೂ ಇರಲಿಲ್ಲ. ಹಿಡಿದುಕೊಂಡೆ.