ಸರ್ಕಾರ ಕೇಳಿದ ಡ್ರಾಫ್ಟುಗಳು

ಏಳನೆಯ ರೊಟ್ಟಿ ಹಂಚಿನ ಮೇಲಿತ್ತು, ಎಂಟನೆಯದು ಬಸವರಾಜೇಶ್ವರಿಯ ಅಂಗೈ ಕೆಳಗೆ ಅಗಲವಾಗುತ್ತಿತ್ತು. ಕಿಟಕಿಯ ಕಟ್ಟೆಯ ಮೇಲಿದ್ದ ಫೋನು ಟಿಣ್ ಎಂದಿತು. ಹಿಟ್ಟಾಗದ ಕಿರುಬೆರಳಿನಿಂದ ಒತ್ತಿ ನೋಡಿದಳು. ಅವಳ ಮೇಲ್ ಕಂಪನಿಯವರ ಪತ್ರ.

"ನಿಮ್ಮ ಖಾತೆಯ ಮಾಹಿತಿ ಕೊಡಬೇಕೆಂದು ಸರ್ಕಾರಿ ಇಲಾಖೆಯೊಂದು ನಮ್ಮನ್ನು ಕೇಳಿದೆ. ಆಕ್ಷೇಪವಿದ್ದರೆ ಕೋರ್ಟಿಗೆ ಹಾಕಿದ ಅರ್ಜಿಯ ಪ್ರತಿಯನ್ನು ನಮಗೆ ಕಳಿಸಲು ಏಳು ದಿನ ಸಮಯ ಕೊಟ್ಟಿದ್ದೆವು. ಇಂದು ಸಂಜೆ ಆರಕ್ಕೆ ಅದು ಮುಗಿಯುತ್ತದೆ."

ಮೊದಲ ಪತ್ರ ಹೋದ ವಾರವೇ ಬಂದು, ಸೀರೆ ಅಂಗಡಿಗಳ ಆಷಾಢದ ಜಾಹೀರಾತುಗಳ ಅಡಿಯಲ್ಲಿ ಉಸಿರುಗಟ್ಟಿ ಬಿದ್ದಿತ್ತು. ಏಳನೆಯ ರೊಟ್ಟಿ ಕರಿ ಹಪ್ಪಳವಾಯಿತು.

ಬಸವೇಶ್ವರನಗರದ ಆ ಕ್ರಾಸಿನಲ್ಲಿ ಪ್ರಿಂಟರ್ ಇದ್ದದ್ದು ಅವಳ ಮನೆಯಲ್ಲಿ ಮಾತ್ರ. ಎಲ್ಲರೂ ತಮ್ಮ ಕಾಗದಪತ್ರಗಳನ್ನು ಅವಳ ಮೇಲಿಗೆ ಕಳಿಸಿ, ಐದು ನಿಮಿಷ ಬಿಟ್ಟು ಗೇಟಿನ ಹತ್ತಿರ ನಿಂತು "ಬಂತಾ?" ಎಂದು ಕೂಗುತ್ತಿದ್ದರು. ಅವನ್ನು ಸರ್ಕಾರ ನೋಡಿದರೆ ನೋಡಲಿ. ಅವಳಿಗೆ ಹೆದರಿಕೆಯಾದದ್ದು ಕಳಿಸದೆ ಉಳಿಸಿಕೊಂಡ ಡ್ರಾಫ್ಟುಗಳನ್ನು ನೆನೆದು.

ಅವಳ ಗಂಡ ಸೋಮಲಿಂಗಪ್ಪನವರು ನೀರಾವರಿ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಫೈಲು ನೋಡಿ ನಿವೃತ್ತರಾದವರು. ಕೆಟ್ಟವರಲ್ಲ. ಆದರೆ ಬೆಳಿಗ್ಗೆ ಒಂದು ಮಾತು ಅಂದುಬಿಡುತ್ತಿದ್ದರು. ಅದಕ್ಕೆ ತಕ್ಕ ಉತ್ತರ ಅವಳಿಗೆ ಹೊಳೆಯುತ್ತಿದ್ದದ್ದು ಪಾತ್ರೆ ತೊಳೆದಾದ ಮೇಲೆ, ಹನ್ನೊಂದೂವರೆಗೆ. ಅಷ್ಟರಲ್ಲಿ ಅವರು ಆ ಮಾತನ್ನು ಮರೆತು ಪೇಪರಿನಲ್ಲಿ ಮುಳುಗಿರುತ್ತಿದ್ದರು. ಆದ್ದರಿಂದ ಉತ್ತರಗಳನ್ನೆಲ್ಲ ಅವಳು ಮೇಲಿನಲ್ಲಿ ಟೈಪ್ ಮಾಡಿ, ಯಾರಿಗೆ ಎಂಬ ಜಾಗ ಖಾಲಿ ಬಿಟ್ಟು, ಕಳಿಸದೆ ಇಟ್ಟುಕೊಳ್ಳುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಮುನ್ನೂರ ಹದಿನೆಂಟು.

ಒಲೆ ಆರಿಸಿ ಮಹಡಿಗೆ ಓಡಿದಳು. ಅಲ್ಲಿ ಬಾಡಿಗೆಗಿದ್ದ ಹೇಮಶ್ರೀ ಫೋನ್ ಕಂಪನಿಯೊಂದರಲ್ಲಿ ಇಂಥ ಸರ್ಕಾರಿ ಪತ್ರಗಳು ಬರುವ ಮೇಜಿನಲ್ಲೇ ಕೂರುವ ಹುಡುಗಿ.

"ಗಾಬರಿ ಆಗ್ಬೇಡಿ ಆಂಟಿ," ಎಂದಳು ಬಟ್ಟೆ ಒಣಹಾಕುತ್ತ. "ನಮಗೂ ದಿನಾ ಬರ್ತವೆ. ಯಾವ ಸೆಕ್ಷನ್ನು, ಯಾರ ಸಹಿ ಅಂತ ನೋಡ್ತೀವಿ. ಸರಿ ಇಲ್ಲ ಅಂದ್ರೆ ವಾಪಸ್. ಸರಿ ಇದ್ರೂ ಕೇಳಿದ್ದೆಲ್ಲ ಕೊಡಲ್ಲ. ಹೆಸರು, ನಂಬರು, ಅಷ್ಟೇ ಜಾಸ್ತಿ."

"ಒಳಗೆ ಬರ್ದಿರೋದನ್ನ ಓದಲ್ವೇನೇ?"

"ಅದಕ್ಕೆ ಬೇರೆ ಆರ್ಡರ್ ಬೇಕು ಆಂಟಿ. ಇದ್ರೆ ಕೊಡ್ಬೇಕಾಗುತ್ತೆ."

"ಏನದು ಆರ್ಡರು?" ಪಕ್ಕದ ಟೆರೇಸಿನ ನೀರಿನ ಟ್ಯಾಂಕಿನ ಹಿಂದಿನಿಂದ ನಾಗಭೂಷಣರ ತಲೆ, ಬಾವಿಗೆ ಬಿದ್ದ ತೆಂಗಿನಕಾಯಿ ಮೇಲೆದ್ದ ಹಾಗೆ ಎದ್ದಿತು. ಯಾವ ಕಚೇರಿಯಲ್ಲೂ ಕೆಲಸ ಮಾಡದೆಯೇ ಎಲ್ಲ ಕಚೇರಿಗಳ ಒಳಗುಟ್ಟು ಬಲ್ಲ ಮನುಷ್ಯ. ಫೋನು ಇಸಿದುಕೊಂಡು ಓದಿದರು. "ಮೇಡಂ, ಇದು ದೊಡ್ಡದು. ಕೋರ್ಟಿಗೆ ಹೋಗ್ಬೇಕು. ಆದ್ರೆ ಇವತ್ತು ಎರಡನೇ ಶನಿವಾರ. ನೋಡಿ ಅವರ ಬುದ್ಧಿ!"

"ಹಂಗಾದ್ರೆ ಡಿಲೀಟ್ ಮಾಡ್ಬಿಡ್ಲಾ?"

"ಮುಟ್ಟೀರಾ! ಸಾಕ್ಷ್ಯನಾಶ! ಇರೋ ಕೇಸಿನ ಮೇಲೆ ಇನ್ನೊಂದು ಕೇಸು."

"ಕೇಸೇ ಇಲ್ವಲ್ಲ ಅಂಕಲ್," ಎಂದಳು ಹೇಮಶ್ರೀ.

"ನೀನು ಚಿಕ್ಕವಳು, ಸುಮ್ನಿರಮ್ಮ. ಸ್ಟೇಷನ್ನಲ್ಲಿ ಒಬ್ರು ಗಟ್ಟಿಯಾಗಿ ಓದ್ತಾರೆ, ಇನ್ನೊಬ್ರು ಬರ್ಕೋತಾರೆ. ಅದೇ ಪದ್ಧತಿ." ಅಷ್ಟು ಹೇಳಿದವರ ಮುಖ ಇದ್ದಕ್ಕಿದ್ದಂತೆ ಬಿಳಿಚಿಕೊಂಡಿತು. "ಮೇಡಂ... ನಮ್ಮನೆ ಪ್ಲಾನು ನಿಮ್ ಮೇಲಿಗೇ ಅಲ್ವಾ ಕಳ್ಸಿದ್ದು?"

ಎರಡು ಪ್ಲಾನು ಕಳಿಸಿದ್ದರು. ಪಾಲಿಕೆಗೆ ತೋರಿಸಿದ್ದರಲ್ಲಿ ಎರಡು ಅಂತಸ್ತು, ಮೇಸ್ತ್ರಿಗೆ ತೋರಿಸಿದ್ದರಲ್ಲಿ ಮೂರೂವರೆ.

ಅರ್ಧ ಗಂಟೆಯಲ್ಲಿ ಇಡೀ ಕ್ರಾಸು ಗೇಟಿನ ಮುಂದಿತ್ತು. ಎದುರುಮನೆ ರಾಮಮ್ಮ ಬಸವರಾಜೇಶ್ವರಿಯ ಕೈ ಹಿಡಿದುಕೊಂಡರು. "ನಮ್ ಹುಡುಗಿ ಬಯೋಡೇಟಾ ಎರಡಿದೆ ನಿಮ್ಹತ್ರ. ಇಪ್ಪತ್ತೇಳು ಅಂತ ಇರೋದನ್ನೇ ಕಳ್ಸಿ. ಮೂವತ್ತೊಂದರದ್ದು ಸರ್ಕಾರಕ್ಕೆ ಬೇಡ."

"ನಾನೆಲ್ಲಿ ಕಳ್ಸ್ತಿದೀನಿ ರಾಮಮ್ಮ, ಕಂಪನಿಯೋರು!"

"ಯಾರಾದ್ರೂ ಕಳ್ಸ್ಲಿ. ನೀವೊಂದು ಮಾತು ಹೇಳಿ."

ಇಷ್ಟೆಲ್ಲ ನಡೆಯುವಾಗ ಸೋಮಲಿಂಗಪ್ಪನವರು ಕ್ಷೌರದಂಗಡಿಯಲ್ಲಿದ್ದರು. ಅವರು ಬಂದು, ಸ್ನಾನ ಮಾಡಿ, "ರೊಟ್ಟಿ ಯಾಕೆ ಇಷ್ಟು ಗಟ್ಟಿ?" ಎಂದು ಕೇಳಿ ಊಟ ಮುಗಿಸುವವರೆಗೂ ಅವಳ ಕಿವಿಯಲ್ಲಿ ಒಬ್ಬ ಪೊಲೀಸಿನವನು ಗಟ್ಟಿಯಾಗಿ ಓದುತ್ತಲೇ ಇದ್ದ. *ಉಪ್ಪು ಕಮ್ಮಿ ಅನ್ನೋಕೆ ಬಾಯಿ ಇದೆ, ಚೆನ್ನಾಗಿದೆ ಅನ್ನೋಕೆ ಇಲ್ವಾ?* ಇನ್ನೊಬ್ಬ ಬರೆದುಕೊಳ್ಳುತ್ತಿದ್ದ. *ನಿಮ್ಮ ಕೈಗೂ ನೀರಿನ ಚೆಂಬಿಗೂ ಒಂದೂವರೆ ಅಡಿ. ನನಗೂ ಅದಕ್ಕೂ ನಡುವೆ ಎರಡು ಗೋಡೆ.*

ಊರಿಗೆ ಗೊತ್ತಾಗುವುದಕ್ಕೆ ಮೊದಲು ಇವರಿಗೆ ಗೊತ್ತಾಗಬೇಕು, ಅದೂ ತನ್ನ ಕೈಯಿಂದ, ಎನಿಸಿತು. ಕನ್ನಡಕವನ್ನೂ ಫೋನನ್ನೂ ಒಟ್ಟಿಗೆ ತಂದು ಅವರ ಮುಂದಿಟ್ಟಳು.

"ರೀ, ಇದನ್ನ ಓದಿ. ಆರು ಗಂಟೆಗೆ ಸರ್ಕಾರದೋರು ಓದ್ತಾರಂತೆ."

ಸೋಮಲಿಂಗಪ್ಪನವರು ಓದಿದರು. ಫೈಲು ನೋಡಿದ ಅಭ್ಯಾಸ, ಒಂದನ್ನೂ ಬಿಡಲಿಲ್ಲ. ಪಕ್ಕದಲ್ಲಿ ಪೆನ್ಸಿಲು, ಹಾಳೆ. ಎರಡು ಗಂಟೆಗೆ ಶುರು ಮಾಡಿದವರು ನಾಲ್ಕೂವರೆಗೆ ತಲೆ ಎತ್ತಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತ ಅವಳಿಗೆ ಮದುವೆಯಾದ ದಿನವೂ ಇಷ್ಟು ನಾಚಿಕೆ, ಇಷ್ಟು ಭಯ ಆಗಿರಲಿಲ್ಲ. ಬಟ್ಟೆಯಿಲ್ಲದೆ ಬೀದಿಯಲ್ಲಿ ನಿಂತ ಹಾಗಿತ್ತು.

"ಮಗಳು ಶಿವರಂಜನಿ ಬಾಣಂತನಕ್ಕೆ ನೀನು ಹೊರಟಾಗ, 'ನನ್ನ ಊಟದ ಗತಿ ಏನು' ಅಂದ್ನಾ ನಾನು?"

"ಅಂದ್ರಿ."

"ಬೇರೆ ಏನೂ ಕೇಳ್ಲಿಲ್ವಾ?"

"ಇಲ್ಲ."

ಹಾಳೆಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದರು. "ಅನ್ನಬಾರದಿತ್ತು," ಎಂದರು.

ಅವರು ಗಡಿಯಾರದತ್ತ ನೋಡಿ ಎದ್ದುನಿಂತರು.

"ಇದೆಲ್ಲ ರೆಕಾರ್ಡಿಗೆ ಹೋಗುತ್ತೆ ಅಂತೀಯ. ಮುನ್ನೂರ ಹದಿನೆಂಟು ದೂರು, ಒಂದೇ ಒಂದು ಒಳ್ಳೆ ಮಾತಿಲ್ಲ! ಫೈಲು ಹಿಂಗೆ ಹೋದ್ರೆ ನನ್ನ ಕತೆ ಏನು? ಆರಕ್ಕೆ ಇನ್ನೂ ಒಂದೂವರೆ ಗಂಟೆ ಇದೆ. ನೀನು ಕೂತ್ಕೋ. ನಾನು ಕಾಫಿ ಮಾಡ್ತೀನಿ. ಅದನ್ನೂ ಬರೆದು ಸೇರಿಸು."

"ಬೇಡ ರೀ..."

"ಕೂತ್ಕೋ ಅಂದೆ. 'ಕೂತ್ಕೊಳ್ಳಿಸಿದರು' ಅಂತ್ಲೂ ಬರಿ."

ಅಡುಗೆಮನೆಯಲ್ಲಿ ಯುದ್ಧ ಶುರುವಾಯಿತು. ಮೊದಲು ಒಂದು ತಟ್ಟೆ ಬಿತ್ತು. ಆಮೇಲೆ, ತಟ್ಟೆಯನ್ನು ಹಿಡಿಯಲು ಹೋಗಿ, ತಟ್ಟೆಗಳ ಸ್ಟ್ಯಾಂಡೇ ಬಿತ್ತು. ಹೆಪ್ಪು ಹಾಕಿಟ್ಟ ಹಾಲನ್ನೇ ಒಲೆಗಿಟ್ಟರು, ಅದು ಒಡೆಯಿತು. ಪ್ಯಾಕೆಟ್ ಹಾಲು ಉಕ್ಕಿ ಒಲೆ ಆರಿತು. ಫಿಲ್ಟರಿನ ಡಿಕಾಕ್ಷನ್ನು ಹಳೇ ನೀರೆಂದು ಸಿಂಕಿಗೆ ಹೋಯಿತು. "ಸಕ್ಕರೆ ಎಲ್ಲಿ? ಹೇಳ್ಬೇಡ, ಹೇಳ್ಬೇಡ, ನಾನೇ ಹುಡುಕ್ತೀನಿ!" ಎಂಬ ಕೂಗಿಗೆ ಗೇಟಿನಾಚೆ ಕಾಯುತ್ತಿದ್ದ ನಾಗಭೂಷಣರು ಇಣುಕಿ, "ಪೊಲೀಸ್ರು ಬಂದ್ಬಿಟ್ರಾ?" ಎಂದು ಕೇಳಿ ಓಡಿಹೋದರು.

ಸರಿಯಾಗಿ ಆರಕ್ಕೆ ಸೋಮಲಿಂಗಪ್ಪನವರು ಹಬೆಯಾಡುವ ಲೋಟ ಹಿಡಿದು ಹೊರಬಂದರು. ಬನಿಯನ್ನಿನ ತುಂಬ ಕಾಫಿಪುಡಿ, ಮುಖದಲ್ಲಿ ಅಣೆಕಟ್ಟು ಉದ್ಘಾಟಿಸಿದ ಹೆಮ್ಮೆ. ಅದೇ ಹೊತ್ತಿಗೆ ಫೋನು ಟಿಣ್ ಎಂದಿತು.

"ಇಲಾಖೆಯ ಮನವಿಯಲ್ಲಿ ಅಧಿಕಾರಿಯ ಸಹಿಯಾಗಲಿ, ಕಾನೂನಿನ ಆಧಾರವಾಗಲಿ ಇರಲಿಲ್ಲ. ಅದನ್ನು ತಿರಸ್ಕರಿಸಿದ್ದೇವೆ. ನಿಮ್ಮ ಯಾವ ಮಾಹಿತಿಯನ್ನೂ ಯಾರಿಗೂ ಕೊಟ್ಟಿಲ್ಲ."

ಅವಳು ಎರಡು ಸಲ ಓದಿದಳು. ಸರ್ಕಾರ ಕೇಳಿದರೂ ಕಂಪನಿ ಬಿಟ್ಟುಕೊಡದ ಗುಟ್ಟನ್ನು, ಯಾರೂ ಕೇಳದೆ, ಕನ್ನಡಕದ ಸಮೇತ ತಾನೇ ಬಿಟ್ಟುಕೊಟ್ಟಿದ್ದಳು.

"ಏನಂತೆ? ತಗೊಂಡ್ರಾ?" ಎಂದರು ಸೋಮಲಿಂಗಪ್ಪನವರು. ಅವಳು ಉತ್ತರಿಸುವ ಮೊದಲೇ ಮುಂದುವರಿಸಿದರು. "ತಗೊಳ್ಲಿ. ನಾನೂ ಲೆಕ್ಕ ಹಾಕಿದೀನಿ. ದಿನಕ್ಕೊಂದು ಒಳ್ಳೇದು. ಮುನ್ನೂರ ಹದಿನೆಂಟು ದಿನ. ನಾಳೆ ಉಪ್ಪಿಟ್ಟು. ನಾಡಿದ್ದು ರೊಟ್ಟಿ ತಟ್ಟೋದು ಕಲಿಸು."

ಬಾಗಿಲಿನಾಚೆ ಅಡುಗೆಮನೆ ಸಂತೆ ಮುಗಿದ ಬಯಲಿನಂತಿತ್ತು. ಹೆಪ್ಪಿನ ಹಾಲಿಲ್ಲ, ನಾಳೆಗೆ ಮೊಸರಿಲ್ಲ. ಇದೇ ರೀತಿ ಇನ್ನೂ ಮುನ್ನೂರ ಹದಿನೇಳು ಸಂಜೆ. ಫೋನಿನ ಎರಡು ಸಾಲು ಓದಿ ಹೇಳಿದರೆ ಸಾಕು, ಅಡುಗೆಮನೆ ವಾಪಸು ಅವಳದಾಗುತ್ತಿತ್ತು.

ಲೋಟಕ್ಕೆ ಬಾಯಿಟ್ಟಳು. ಕೊನೆಗೂ ಅವರಿಗೆ ಸಿಕ್ಕಿದ್ದು ಸಕ್ಕರೆಯ ಡಬ್ಬಿಯಲ್ಲ, ಉಪ್ಪಿನದು. ಅವರು ಎದುರಿನ ಸ್ಟೂಲಿನ ಮೇಲೆ ತುದಿಗಾಲಲ್ಲಿ ಕೂತು, ಪರೀಕ್ಷೆ ಬರೆದ ಮಗುವಿನಂತೆ ಅವಳ ಮುಖವನ್ನೇ ನೋಡುತ್ತಿದ್ದರು. ದಾಂಪತ್ಯದ ಮೂವತ್ತೈದು ವರ್ಷದಲ್ಲಿ ಅವರು ಹೀಗೆ ನೋಡಿದ್ದು ಅವಳಿಗೆ ನೆನಪಿಲ್ಲ.

ಬಸವರಾಜೇಶ್ವರಿ ಫೋನನ್ನು ಮಗುಚಿ ಇಟ್ಟಳು. ಇನ್ನೊಂದು ಗುಟುಕು ಕುಡಿದಳು.